ಪೇವದ ಬಾಯಿ ತೆರೆದ ದಿನ

ಸಾಂಗಲಿ, ಮಿರಜ, ಕುಪವಾಡ ಮೂರೂ ಊರು ಕೂಡಿ ಒಂದೇ ಮಹಾನಗರಪಾಲಿಕೆ ಆದ ವರ್ಷ ಅದು. ಊರುಗಳೇ ಕೂಡುವಾಗ ನಾವ್ಯಾಕೆ ಬೇರೆ ಇರಬೇಕು ಎಂದು ಪೇಟೆಯ ಎರಡು ಬಾಲವಾಡಿಗಳನ್ನು ನಡೆಸುತ್ತಿದ್ದವರೂ ಒಂದಾದರು. ಒಂದು ಬಾಲವಾಡಿ ಹಮಾಲರ ಮತ್ತು ಕುರಿಗಾರರ ಮಕ್ಕಳದು. ಇನ್ನೊಂದು ಅಂಗಡಿಕಾರರ ಮನೆಯ ಮಕ್ಕಳದು. ಅರಿಸಿನ ವ್ಯಾಪಾರಿ ಬಸಲಿಂಗಪ್ಪ ತನ್ನ ಮನೆಯ ಹಿಂದಿನ ದೊಡ್ಡ ಅಂಗಳವನ್ನೂ ಅಲ್ಲಿದ್ದ ಹಂಚಿನ ಪಡಸಾಲೆಯನ್ನೂ ಬಿಟ್ಟುಕೊಟ್ಟ. ಹಾರ ಹಾಕಿಸಿಕೊಂಡ, ಪೇಢೆ ಹಂಚಿದ.

ಆ ಅಂಗಳದ ಮೂಲೆಯಲ್ಲಿ ಐದು ಪೇವಗಳಿದ್ದವು. ಪೇವವೆಂದರೆ ಅರಿಸಿನ ತುಂಬಿಡುವ ನೆಲದೊಳಗಿನ ಹಗೇವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು ಅಗಲ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಮಾಲು ವರ್ಷಗಟ್ಟಲೆ ಕೆಡುವುದಿಲ್ಲ. ಕೆಡುವುದು ಗಾಳಿ.

ಅದು ತಂಗೆವ್ವನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಲಿಂಗನೂರಿನ ಕುರಿಗಾರರ ಮಗಳು, ಬುಧಗಾಂವದಿಂದ ದಿನಾ ಬಸ್ಸು ಹಿಡಿದು ಬಂದು ಹಮಾಲರ ಮಕ್ಕಳನ್ನು ಹದಿನಾರು ವರ್ಷ ನೋಡಿಕೊಂಡ ಆಯಾ. ಅವಳ ಗಂಡ ಜ್ಯೋತೆಪ್ಪ ಪೇವ ತೆರೆಯುವ ಹಮಾಲ. ಒಂದು ಸಲ ಒಳಗಿಳಿದ ಗೆಳೆಯನ ಮಾತು ನಿಂತಿತು. ಅವನನ್ನು ಎತ್ತಲು ಹೋದ ಜ್ಯೋತೆಪ್ಪನೂ ಮಾತಾಡಲಿಲ್ಲ. ಇಬ್ಬರನ್ನೂ ಒಂದೇ ಹಗ್ಗದಿಂದ ಮೇಲೆ ತಂದರು.

ಕೂಡಿದ ಮೊದಲ ದಿನವೇ ತಂಗೆವ್ವ ಕೇಳಿದ್ದಳು. "ಸಾವಕಾರ್ರ, ಇಲ್ಲಿ ಸಣ್ಣ ಕೂಸುಗೊಳು ಆಡ್ತಾವ. ಪೇವ ಹ್ಯಾಂಗ ಮಾಡೂದ್ರಿ?"

"ಮಕ್ಕಳಿರೂತನಕ ಒಂದೂ ತೆರೆಯೂದಿಲ್ಲ ತಂಗೆವ್ವಾ. ನನ್ನ ಮೊಮ್ಮಗಳು ನೀಲವ್ವನೂ ಇಲ್ಲೇ ಇರ್ತಾಳ, ನನಗ ಕಾಳಜಿ ಇಲ್ಲೇನು?" ಎಂದು ಬಸಲಿಂಗಪ್ಪ ನಕ್ಕಿದ್ದ.

ಕಾಳಜಿ ಇತ್ತು. ಆದರೆ ದೀಪಾವಳಿ ಮುಗಿದು ಅರಿಸಿನದ ದರ ಏರಿತು. ದರ ಏರಿದಾಗ ವ್ಯಾಪಾರಿಯ ಕಾಳಜಿ ಎತ್ತ ತಿರುಗುತ್ತದೆಂದು ಯಾರೂ ಕಲಿಸಬೇಕಿಲ್ಲ. ಒಂದು ಶುಕ್ರವಾರ ಹಮಾಲ ಧೋಂಡಪ್ಪ ಇಬ್ಬರನ್ನು ಕಟ್ಟಿಕೊಂಡು ಬಂದು ಕಡೆಯ ಪೇವದ ಚಪ್ಪಡಿ ಎತ್ತಿದ. ತೆರೆದ ಪೇವಕ್ಕೆ ಕೂಡಲೇ ಇಳಿಯುವಂತಿಲ್ಲ, ಕೆಟ್ಟ ಗಾಳಿ ಹೋಗುವ ತನಕ ಬಾಯಿ ಬಿಚ್ಚಿಡಬೇಕು. ಹಮಾಲನ ಜೀವ ಉಳಿಸುವ ಪದ್ಧತಿ ಅದು. ಬಾಯಿ ಮೇಲೆ ಅಡ್ಡಡ್ಡ ಎರಡು ಹಲಗೆ ಇಟ್ಟು, ಸುತ್ತ ಜಾಲಿ ಮುಳ್ಳು ಎಳೆದು, ಧೋಂಡಪ್ಪನ ಮಂದಿ ಊಟಕ್ಕೆ ಹೋದರು.

ತಂಗೆವ್ವ ಆ ಹೊತ್ತು ಪಡಸಾಲೆಯೊಳಗೆ ಖಿಚಡಿ ಬಡಿಸುತ್ತಿದ್ದಳು. ಹೊರಗೆ ಬಂದು ಮುಳ್ಳು ಕಂಡದ್ದೇ ಅತ್ತ ಓಡಿದಳು. ಮುಳ್ಳಿನ ಒಂದು ಕೊಂಬೆ ಸರಿದಿತ್ತು. ಎರಡು ಹಲಗೆಗಳ ನಡುವೆ ಮಗುವೊಂದು ನುಸುಳುವಷ್ಟು ಕಪ್ಪು ಸಂದಿ. ಆ ಸಂದಿಯಿಂದ ಒಂದು ಮೊಳ ಈಚೆ ಕೆಂಪು ಚಪ್ಪಲಿ ಬಿದ್ದಿತ್ತು. ಒಂದೇ.

"ಬಾಯಾರ! ನೀಲವ್ವ ಎಲ್ಲಿ?"

ಸುನಂದಾಬಾಯಿ ಅಂಗಡಿಕಾರರ ಬಾಲವಾಡಿಯ ಶಿಕ್ಷಕಿ. "ಯಾಕ, ಒಳಗ ಮಲಗಿರಬೇಕಲ್ಲ, ನೀನ ಮಲಗಿಸಿದಿ" ಎಂದಳು.

"ನಾ ಎಲ್ಲಿ ಮಲಗಿಸೇನ್ರಿ? ನಿಮ್ಮ ಕಡೆ ಕೂಸು, ಊಟಕ್ಕ ಮನಿಗಿ ಹೋಗ್ಯಾಳ ಅಂತ ತಿಳದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹಮಾಲರ ಬಾಲವಾಡಿಯಲ್ಲಿ ಒಳಗೆ ಬಂದ ಕೂಸು ಸಂಜೆ ತಾಯಿ ಬರುವ ತನಕ ಹೊರಗೆ ಹೋಗುತ್ತಿರಲಿಲ್ಲ. ಅಂಗಡಿಕಾರರ ಬಾಲವಾಡಿಯಲ್ಲಿ ಅಜ್ಜಿಯೋ ಆಳೋ ಯಾವಾಗ ಬೇಕಾದರೂ ಬಂದು ಮಗುವನ್ನು ಕರೆದೊಯ್ಯುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಬಾಲವಾಡಿ ಒಂದಾಗಿ ಮೂರು ವಾರ ಕಳೆದಿದ್ದರೂ ಈ ಎರಡು ರೀತಿಗಳನ್ನು ಕೂಡಿಸುವುದು ಯಾರಿಗೂ ನೆನಪಾಗಿರಲಿಲ್ಲ.

"ಮನಿಗಿ ಹ್ಯಾಂಗ ಹೋದಾಳು?" ಎಂದಳು ಸುನಂದಾಬಾಯಿ. "ಮನಿಗಿ ಕೀಲಿ ಹಾಕ್ಯಾರ. ಎಲ್ಲಾರೂ ತೊಟ್ಟಿಲ ಕಾರ್ಯಕ್ಕ ಹೋಗ್ಯಾರ. ಕೂಸಿಗಿ ನೆಗಡಿ ಅದ, ಇಲ್ಲೇ ಇರಲಿ ಅಂತ ಗುರುಶಾಂತವ್ವಾರ ಮುಂಜಾನೆ ತಾವ ಬಿಟ್ಟು ಹೋದ್ರು."

ಗುರುಶಾಂತವ್ವ ನೀಲವ್ವನ ಅಜ್ಜಿ, ಬಸಲಿಂಗಪ್ಪನ ಹೆಂಡತಿ. ಅವರ ಮಾತು ನೆನೆದೊಡನೆ ಸುನಂದಾಬಾಯಿ ಪಡಸಾಲೆ, ಬಚ್ಚಲು, ಚೀಲದ ಒಟ್ಟಿಲ ಸಂದಿ ಎಲ್ಲ ಹುಡುಕಿದಳು. ತಂಗೆವ್ವ ಪೇವದ ಬಾಯಿಗೆ ಮುಖ ಇಟ್ಟು ಕೂಗಿದಳು. "ನೀಲವ್ವಾ! ಏ ನೀಲಿ!" ಕೆಳಗಿನಿಂದ ಅವಳದೇ ದನಿ ದಪ್ಪವಾಗಿ ತಿರುಗಿ ಬಂತು. ಅರಿಸಿನದ ಘಾಟು ಮೂಗಿಗೆ ಅಡರಿತು. ಕೂಸಿನ ಅಳು ಇಲ್ಲ. ನರಳಾಟವೂ ಇಲ್ಲ.

ಕೂಗು ಕೇಳಿ ಧೋಂಡಪ್ಪ ಒಬ್ಬನೇ ಎಂಜಲು ಕೈಯಲ್ಲೇ ಓಡಿ ಬಂದ; ಉಳಿದಿಬ್ಬರು ಊಟಕ್ಕೆ ದೂರ ಹೋಗಿದ್ದರು. ಚಪ್ಪಲಿ ನೋಡಿದ. ಹಲಗೆ ಒದ್ದು ಬದಿಗೆ ಸರಿಸಿ, ಹಗ್ಗವನ್ನು ಬೇವಿನ ಗಿಡಕ್ಕೆ ಬಿಗಿದು, ಕಾಲು ಒಳಗೆ ಇಳಿಬಿಟ್ಟ.

ತಂಗೆವ್ವ ಹೋಗಿ ಅವನ ರಟ್ಟೆ ಹಿಡಿದಳು. "ದೀಪ ಬಿಡೋ ಮೊದಲ!"

"ಕೂಸು ಒಳಗ ಸಾಯ್ತೈತಿ, ದೀಪ ಹಚ್ಚಕೋತ ಕುಂದ್ರಲೇನ ಮಾವಶಿ? ಬಿಡು!"

"ಬಿಡೂದಿಲ್ಲ. ಇಳದ್ರ ನೀನೂ ಬರೂದಿಲ್ಲ, ಕೂಸೂ ಬರೂದಿಲ್ಲ."

"ಬಿಡ ಅವನ್ನ!" ಸುನಂದಾಬಾಯಿ ಕಿರುಚಿದಳು. "ನಿಮ್ಮ ಹಮಾಲರ ಕೂಸಾಗಿದ್ರ ಹಿಂಗ ಹಿಡಕೊಂಡು ಕುಂದರತಿದ್ದೇನು? ಸಾವಕಾರ್ರ ಕೂಸಂತ ಬಿಟ್ಟಿ ಹೌದಿಲ್ಲೋ!"

ಆ ಮಾತು ಕಾದ ಸಲಾಕೆಯಂತೆ ತಾಗಿತು. ಆದರೂ ತಂಗೆವ್ವ ಕೈ ಸಡಿಲಿಸಲಿಲ್ಲ. "ಬಾಯಾರ, ಅಡಗಿ ಮನ್ಯಾಗಿನ ಚಿಮಣಿ ತರ್ರಿ. ಬಕೀಟು ತರ್ರಿ. ಓಡ್ರಿ. ನನ್ನ ಬೈಯೂದು ಆಮ್ಯಾಲೆ ಬೈಯ್ರಿ."

ಚಿಮಣಿ ಹಚ್ಚಿ ಬಕೀಟಿನಲ್ಲಿಟ್ಟು ಇಳಿಬಿಟ್ಟರು. ಹಗ್ಗ ಒಂದು ಮೊಳ ಹೋಯಿತು. ಜ್ವಾಲೆ ನೆಟ್ಟಗೆ ನಿಂತಿತ್ತು. ಎರಡನೆಯ ಮೊಳಕ್ಕೆ ಅದು ಸಣ್ಣಗಾಯಿತು, ನೀಲಿಯಾಯಿತು, ಬತ್ತಿಯ ತುದಿಯಲ್ಲಿ ಒಂದು ಕೆಂಪು ಚುಕ್ಕೆಯಾಗಿ ಉಳಿಯಿತು. ಆಮೇಲೆ ಅದೂ ಇಲ್ಲ.

ಧೋಂಡಪ್ಪ ಕಾಲು ಹೊರಗೆ ಎಳೆದುಕೊಂಡು ನೆಲದ ಮೇಲೆ ಕುಸಿದ.

ಪಡಸಾಲೆಯಲ್ಲಿ ಮಕ್ಕಳು ಕಿಟಕಿಯ ಸರಳು ಹಿಡಿದು ಸಾಲಾಗಿ ನಿಂತು ನೋಡುತ್ತಿದ್ದವು. ಆ ಗಾಳಿಯಲ್ಲಿ ದೀಪ ಬದುಕದಿದ್ದರೆ ಮೂರು ವರ್ಷದ ಕೂಸು ಎಷ್ಟು ಹೊತ್ತು ಬದುಕೀತು? ಲೆಕ್ಕ ಮೂವರಿಗೂ ಗೊತ್ತಿತ್ತು. ತಂಗೆವ್ವ ತನ್ನ ಕಂಬಳಿ ತಂದು ಹಗ್ಗಕ್ಕೆ ಕಟ್ಟಿ ನೀರು ಸುರಿದಳು. "ಏಳೋ ಧೋಂಡಪ್ಪಾ, ಗಾಳಿ ಹೊಡಿ." ಒದ್ದೆ ಕಂಬಳಿಯನ್ನು ಇಳಿಸುವುದು, ಎಳೆಯುವುದು. ಇಳಿಸುವುದು, ಎಳೆಯುವುದು. ಒಳಗಿನ ಗಾಳಿ ಕದಡಿ ಹೊರಬರಲಿ ಎಂದು. ಕೈ ಕೆಲಸ ಮಾಡುತ್ತಿದ್ದರೂ ಅವಳ ಮನಸ್ಸು ಆಗಲೇ ಒಂದು ಪುಟ್ಟ ಹೆಣವನ್ನು ಬಿಳಿ ಬಟ್ಟೆಯಲ್ಲಿ ಸುತ್ತುತ್ತಿತ್ತು. ಬೇಡವೆಂದರೂ ಸುತ್ತುತ್ತಿತ್ತು.

ಎರಡನೆಯ ಸಲ ಬಿಟ್ಟ ದೀಪ ತಳದ ತನಕ ಉರಿಯುತ್ತ ಹೋಯಿತು. ಧೋಂಡಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಮೇಲಿನಿಂದ ತಂಗೆವ್ವ ಮಾತಾಡಿಸುತ್ತಲೇ ಇದ್ದಳು. "ಅದಿಯೇನೋ?" "ಅದೇನಿ." "ಅದಿಯೇನೋ?" "ಅದೇನಿ ಮಾವಶಿ." ಒಳಗಿನಿಂದ ಅರಿಸಿನ ಕೆದರುವ ಸದ್ದು ಬಂತು. ಸುನಂದಾಬಾಯಿ ಸೆರಗು ಕಚ್ಚಿಕೊಂಡಳು.

"ಮಾವಶಿ, ಇಲ್ಲಿ ಕೂಸಿಲ್ಲ! ಬರೇ ಅರಿಸಿನದ ರಾಶಿ! ಪೂರಾ ಕೆದರಿ ನೋಡೇನಿ!"

ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರುಗುಟ್ಟಿತು. ರೇಷ್ಮೆ ಸೀರೆ ಉಟ್ಟ ಗುರುಶಾಂತವ್ವ ಒಳಗೆ ಬಂದರು. ಸೊಂಟದ ಮೇಲೆ ನೀಲವ್ವ. ಬಾಯಿಗೆಲ್ಲ ಹೋಳಿಗೆಯ ತುಪ್ಪ, ಒಂದು ಕಾಲಲ್ಲಿ ಮಾತ್ರ ಕೆಂಪು ಚಪ್ಪಲಿ.

"ಏನಿದು ಗದ್ದಲ? ಓಣಿ ತುದೀತನಕ ಕೇಳಸ್ತೈತಿ."

ಸುನಂದಾಬಾಯಿ "ಅಗಬಾಯಿ" ಎಂದು ಕೂತಲ್ಲೇ ಅತ್ತಳು. "ಯಾವಾಗ ಒಯ್ದ್ರಿ ಅವ್ವಾರ? ಒಂದ ಮಾತ ಹೇಳಬಾರದಾಗಿತ್ತಾ?"

"ತೊಟ್ಟಿಲ ಕಾರ್ಯಕ್ಕ ಮೊಮ್ಮಗಳನ್ನ ಬಿಟ್ಟು ಬಂದಿರೇನು ಅಂತ ಅಲ್ಲಿ ಎಲ್ಲಾರೂ ಅಂದ್ರು. ತಿರುಗಿ ಬಂದೆ, ಅಂಗಳದಾಗ ಆಡತಿತ್ತು, ಎತ್ತಗೊಂಡ ಹೋದೆ. ನಮ್ಮ ಕೂಸು, ನಮ್ಮ ಅಂಗಳ. ಯಾರ ಅಪ್ಪಣಿ ಕೇಳಬೇಕಿತ್ತು?"

ಧೋಂಡಪ್ಪ ಅರಿಸಿನ ಬಳಿದ ಮೈಯಿಂದ ಮೇಲೆ ಬಂದು ನಗಲು ನೋಡಿದ. "ನೋಡ ಮಾವಶಿ, ಮದುಮಗ ಆಗೇನಿ." ಯಾರೂ ನಗಲಿಲ್ಲ.

ತಂಗೆವ್ವ ಮಗುವಿನ ಹತ್ತಿರ ಹೋಗಲಿಲ್ಲ. ಹೋಗಲಾಗಲಿಲ್ಲ. ಎದ್ದು ಪಡಸಾಲೆಯ ಬಾಗಿಲು ತೆರೆದು, "ಬರ್ರಿ ಎಲ್ಲಾರೂ. ಒಬ್ಬರ ಅಂಗಿ ಒಬ್ಬರು ಹಿಡಕೋರಿ" ಎಂದಳು. ಮಕ್ಕಳು ಸಾಲುಗಟ್ಟಿ ಮುಂಬಾಗಿಲ ಕಡೆ ಹೊರಟವು.

"ಎಲ್ಲಿಗಿ ಒಯ್ತಿ?" ಗುರುಶಾಂತವ್ವ ಕೇಳಿದರು.

"ರಸ್ತೆಕ್ರಿ. ಅಲ್ಲಿಂದ ನಮ್ಮ ಹಳೇ ಬಾಲವಾಡಿ ತಗಡಿನ ಶೆಡ್ಡಿಗಿ. ಈ ಅಂಗಳದಾಗ ಪೇವರೆ ಇರಬೇಕು, ಇಲ್ಲಾ ಕೂಸರೆ ಇರಬೇಕು."

"ಬಿಟ್ಟು ಕೊಟ್ಟ ಜಾಗಾಕ್ಕ ಕುಂದಿಡ್ತಿಯೇನು? ಕೂಸು ಬಿದ್ದಿಲ್ಲಲ್ಲ! ಸಾವಕಾರ್ರಿಗೆ ಏನ ಹೇಳ್ತಿ ನಾಳಿ?"

ತಂಗೆವ್ವ ನೆಲದ ಕಡೆ ಬೆರಳು ಮಾಡಿದಳು. "ಅವ್ವಾರ, ಕೂಸಿನ ಚಪ್ಪಲಿ ಅಲ್ಲಿ ಬಿದ್ದೈತಿ ನೋಡ್ರಿ. ಎತ್ತಗೊಂಡು ಹೋಗೂ ಮುಂದ ನಿಮ್ಮ ಕಾಲು ಎಲ್ಲಿತ್ತು?"

ಗುರುಶಾಂತವ್ವ ನೋಡಿದರು. ಚಪ್ಪಲಿ ನೋಡಿದರು, ಅದರಾಚೆ ಒಂದು ಮೊಳ ದೂರದಲ್ಲಿ ಕಪ್ಪಗೆ ಬಿಚ್ಚಿದ್ದ ಬಾಯಿ ನೋಡಿದರು. ಮುಳ್ಳಿನ ಕೊಂಬೆಗೆ ಅವರದೇ ಸೀರೆಯ ರೇಷ್ಮೆ ಎಳೆಯೊಂದು ಸಿಕ್ಕಿತ್ತು. ಅವಸರದಲ್ಲಿ ಸೆರಗು ಬಿಡಿಸಿಕೊಂಡು, ಕೆಳಗೆ ನೋಡದೆ, ಸೊಂಟದಲ್ಲಿ ಕೂಸು ಹೊತ್ತು ಆ ಹಲಗೆಯ ಅಂಚಿನಲ್ಲೇ ಅವರು ದಾಟಿ ಹೋಗಿದ್ದರು.

"ದೀಪ..." ಎಂದರು ಧೋಂಡಪ್ಪನ ಕಡೆ ತಿರುಗಿ. "ದೀಪ ಬಿಟ್ಟಿದ್ರೇನು?"

"ಎರಡು ಮೊಳಕ್ಕ ಆರಿತ್ರಿ ಅವ್ವಾರ."

ನೀಲವ್ವ "ನನ್ನ ಚಪ್ಪಲಿ" ಎಂದು ಕೈಚಾಚಿ ಕೊಸರಿತು. ಅಜ್ಜಿ ಬಿಡಲಿಲ್ಲ. ಮಗು ಅಳುವಷ್ಟು ಬಿಗಿಯಾಗಿ ಅವುಚಿಕೊಂಡು, ಗೋಡೆಗೆ ಬೆನ್ನು ಹಚ್ಚಿ, ಒಂದೊಂದೇ ಹೆಜ್ಜೆ ಸರಿಯುತ್ತ ಅಂಗಳ ದಾಟಿ, ಹಮಾಲರ ಮಕ್ಕಳ ಸಾಲಿನ ಹಿಂದೆ ರಸ್ತೆಗೆ ಬಂದರು.