ಅತಿಯಾಗಿ ತೊಳೆದ ತೋಟಾಗಳು

ಜಿಲ್ಲಾ ರೈಫಲ್ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಅದಕ್ಕಾಗಿ ಶನಿವಾರ ಗುರಿಯಿಡುವವರು ಅಲೆಟ್ಟಾ ಮತ್ತು ಅವಳ ಮಾವ ಸಾರೆಲ್. ಮಾವ ವರ್ಷವರ್ಷವೂ ಗೆದ್ದು ಆ ಜಾಗದಲ್ಲಿ ಬೇರುಬಿಟ್ಟು ಕೂತವರು. ಅಲೆಟ್ಟಾ ಕರೂ ಎಂಬ ಒಣ ಬಯಲಿನ ಈ ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅದರ ಮೇಲೆ ಕಣ್ಣಿಟ್ಟವಳು.

ನಡುವೆ ಸಿಕ್ಕಿಕೊಂಡ ಗಂಡ ವೆಸೆಲ್ ಇಬ್ಬರಿಗೂ ಒಂದೇ ಸೇವೆ ಮಾಡಿದ. ಇಬ್ಬರೂ ಮತ್ತೆ ತುಂಬಿ ಬಳಸುವ ಖಾಲಿ ಹಿತ್ತಾಳೆ ತೋಟಾಗಳನ್ನು ಸೋಪುನೀರು, ಉಕ್ಕಿನ ಕಡ್ಡಿಗಳ ಜೊತೆ ಡ್ರಮ್ಮಿಗೆ ಹಾಕಿ ದಿನವಿಡೀ ತಿರುಗಿಸಿದ. ಹೊರಗೂ ಒಳಗೂ ಫಳಫಳ. ಮಾವ ಮಗನ ಬೆನ್ನು ತಟ್ಟಿ, ಅಂದೇ ಮದ್ದು ತುಂಬಿ, ಗುಂಡು ಕೂರಿಸಿ, ಡಬ್ಬಿ ಮುಚ್ಚಿಟ್ಟರು.

ಶುಕ್ರವಾರ ಬೆಳಿಗ್ಗೆ ಅಲೆಟ್ಟಾ ತನ್ನವನ್ನು ತುಂಬಲು ಕೂತಳು. ಗುಂಡು ಕೂರಿಸುವ ಯಂತ್ರದ ಹಿಡಿ ಒತ್ತಿದರೆ ಒಂದು ಗುಂಡು ತೋಟಾದ ಕತ್ತಿನೊಳಗೆ ಸಲೀಸಾಗಿ ಇಳಿಯಿತು. ಮುಂದಿನದು ಕಿರ್ರೆಂದು ಕಚ್ಚಿಕೊಂಡಿತು. ಅದರ ಮುಂದಿನದು ಮತ್ತೆ ಸಡಿಲ. ಕತ್ತಿನ ಹಿಡಿತ ಒಂದೊಂದರಲ್ಲಿ ಒಂದೊಂದು ಥರವಾದರೆ ಗುಂಡಿನ ವೇಗವೂ ಹಾಗೇ. ದೂರದ ಗುರಿಹಲಗೆಯಲ್ಲಿ ಒಂದು ಮೇಲೆ ಬಿದ್ದರೆ ಒಂದು ಕೆಳಗೆ.

ಟಾರ್ಚು ಹಾಕಿ ಕತ್ತಿನೊಳಗೆ ಇಣುಕಿದಳು. ಹಳೆಯ ಮಸಿಯ ತೆಳು ಪದರ ಹೋಗಿಬಿಟ್ಟಿತ್ತು. ಗುಂಡುಗಳನ್ನೆಲ್ಲ ಒಂದೇ ಸಮ ಜಾರಿಸುತ್ತಿದ್ದದ್ದು ಅದೇ. ಗೇಟಿನ ಬೀಗಕ್ಕೆ ಹಾಕುವ ಗ್ರಾಫೈಟ್ ಪುಡಿ ತಂದು ಪ್ರತಿ ಕತ್ತಿಗೂ ಒಳಗೆ ಸವರಿದಳು. ಆಮೇಲೆ ಹಿಡಿ ಪ್ರತಿ ಸಲವೂ ಒಂದೇ ಭಾರಕ್ಕೆ ಬಗ್ಗಿತು. ತನಗೇ ಅರಿವಿಲ್ಲದೆ ಹಾಡು ಗುನುಗುತ್ತಿದ್ದಳು.

ಮಾವನಿಗೆ ಹೇಳಬೇಕೋ ಬೇಡವೋ? ಹೇಳದೆ ಗೆದ್ದರೆ ಆ ಜಾಗ ರುಚಿಸುವುದಿಲ್ಲ ಎನ್ನಿಸಿತು. ವರಾಂಡಕ್ಕೆ ಹೋದಳು.

"ಮಾವ, ನಿಮ್ಮ ಗುಂಡುಗಳನ್ನ ಕಿತ್ತು ಮತ್ತೆ ಕೂರಿಸಿ. ವೆಸೆಲ್ ಒಳಗಿನ ಮಸೀನೂ ತೊಳೆದುಬಿಟ್ಟಿದಾನೆ."

ಸಾರೆಲ್ ಕಾಫಿಯಲ್ಲಿ ರಸ್ಕು ಅದ್ದಿ ನಕ್ಕರು. "ನಾಳೆ ಪಂದ್ಯ ಇಟ್ಕೊಂಡು ಇವತ್ತು ತೋಟಾ ಬಿಚ್ಚು ಅಂತೀಯ. ನನ್ನ ಕಿವಿಗೇ ಹೂ ಇಡೋಕೆ ಬಂದೆಯಾ?"

"ನಿಮ್ಮಿಷ್ಟ. ಆಮೇಲೆ ಸೊಸೆ ಹೇಳ್ಲಿಲ್ಲ ಅನ್ಬೇಡಿ."

ಶನಿವಾರ ಮಾವನ ಗುಂಡುಗಳು ಹಲಗೆಯ ಮೇಲೆ ಏಣಿ ಹತ್ತಿ ಇಳಿದವು. ಅವರು ಗಾಳಿಯನ್ನು ಬೈದರು. ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಅಲೆಟ್ಟಾಳ ಗುಂಡಿನ ತೂತುಗಳನ್ನೆಲ್ಲ ಒಂದು ಅಂಗೈಯಲ್ಲಿ ಮುಚ್ಚಬಹುದಿತ್ತು.

ಸಾರೆಲ್ ಎರಡೂ ಹಲಗೆಗಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ತಾವೇ ನಡೆದುಹೋಗಿ ತಂಡದ ನಾಯಕನಿಗೆ ಸೊಸೆಯ ಹೆಸರು ಹೇಳಿ ಬಂದರು. ವೆಸೆಲ್ ಮೆಲ್ಲಗೆ ಗಾಡಿಯ ಹಿಂದೆ ಸರಿಯುತ್ತಿದ್ದ. ಸಾರೆಲ್ ಮಗನತ್ತ ಬೆರಳು ತೋರಿಸಿದರು.

"ಅಲೆಟ್ಟಾ, ಇನ್ಮೇಲೆ ಅವನ ಕೈಗೆ ಊಟದ ತಟ್ಟೆ ಬಿಟ್ರೆ ಇನ್ನೇನೂ ತೊಳೆಯೋಕೆ ಕೊಡ್ಬೇಡಮ್ಮ."

ಅವಳು ನಗು ತಡೆಯಲಾಗದೆ, ಗುಂಡು ಹಾರಿಸಲು ಹಾಸಿದ್ದ ಚಾಪೆಯ ಮೇಲೆ ಕುಸಿದು ಕೂತಳು.