ಮಾಸನ ಜಾಗ

ಎತ್ತುಗಳೇ ಉತ್ತು ಬಿತ್ತಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದ ಊರೊಂದಿತ್ತು. ಹೆಸರು ಯಾಕೆ ಬಿಡಿ, ಅಂಥ ಊರುಗಳಿಗೇನು ಬರ? ಅಲ್ಲಿ ಉಳುಮೆಯ ಮರ್ಮ ಬಲ್ಲವರೆಂದು ಕೊನೆಗೆ ಉಳಿದದ್ದು ಮಾಸ, ಹಂಡ ಎಂಬ ಮುದಿ ಜೋಡಿಯೊಂದೇ. ಕಲಿತ ಹೋರಿಗಳನ್ನೆಲ್ಲ ಸುತ್ತಲ ಊರುಗಳು ಹಸಿರು ಮೇವಿನ ಆಸೆ ತೋರಿಸಿ ಕರೆದೊಯ್ದಿದ್ದವು. ಆದರೂ ಮಾಸ ಬೇಸರಪಟ್ಟವನಲ್ಲ. ದಿನವೂ ನೊಗದಿಂದ ಪಕ್ಕಕ್ಕೆ ಸರಿದು, ತನ್ನ ಜಾಗಕ್ಕೆ ಹೊಸ ಹೋರಿಯೊಂದನ್ನು ಹೂಡಿಸುತ್ತಿದ್ದ. ಅದು ಹಂಡನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಕಲಿಯಬೇಕು. ಮಾಸ ಬದುವಿನ ಮೇಲೆ ನಿಂತು ತಿದ್ದಬೇಕು. ಊರು ಎರಡು ಹೊತ್ತು ಉಣ್ಣುತ್ತಿದ್ದುದು ಈ ಪಾಠದಿಂದಲೇ.

ಇಂಥ ಮಾಸ ಒಂದು ಬೇಸಗೆಯಲ್ಲಿ ಸತ್ತ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುತ್ತಾರಲ್ಲ, ಹಾಗೆ ಬದುಕಿದ್ದಾಗ ಅವನಿಗೆ ಒಂದು ಹಿಡಿ ಹಿಂಡಿ ಕೊಡದವರೂ ಸಭೆಯಲ್ಲಿ ಗೊಳೋ ಎಂದರು. ಅಧ್ಯಕ್ಷತೆ ಊರ ಗೂಳಿಯದು. ದೇವರಿಗೆ ಬಿಟ್ಟ ಗೂಳಿ. ಜನ್ಮದಲ್ಲಿ ನೊಗ ಮುಟ್ಟಿದ್ದಲ್ಲ, ಮಾತಿನಲ್ಲಿ ಮಾತ್ರ ಎತ್ತಿದ ಕೈ. "ಮಾಸನ ಜಾಗವನ್ನು ಯಾರೂ ತುಂಬಲಾರರು" ಎಂದಿತು. ಎಲ್ಲರೂ ತಲೆದೂಗಿದರು. ಮರುದಿನ ಅದೇ ಮಾತು ಊರ ಕಟ್ಟಳೆಯಾಯಿತು: ಹಂಡನ ಪಕ್ಕ, ಮಾಸ ನಿಲ್ಲುತ್ತಿದ್ದ ಕಡೆ, ಇನ್ನು ಯಾರೂ ಕತ್ತು ಕೊಡಕೂಡದು. ಮಾಸನಿಗೊಂದು ಸ್ಮಾರಕ ಕಟ್ಟಬೇಕು.

ಹಂಡನಿಗೆ ಅಳುವಷ್ಟೂ ತ್ರಾಣವಿರಲಿಲ್ಲ. ಮಂಡಿ ಸೋತಿತ್ತು. ಒಂದು ಮುಂಗಾರು ಎಳೆದಾನು, ಎರಡು ಎಳೆದರೆ ಹೆಚ್ಚು. ಅಷ್ಟರೊಳಗೆ ಒಂದಾದರೂ ಹೋರಿಗೆ ಕಲಿಸದಿದ್ದರೆ ಉಳುಮೆಯ ವಿದ್ಯೆ ತನ್ನೊಂದಿಗೇ ಮಣ್ಣಾಗುತ್ತದೆಂದು ಅವನಿಗೆ ಗೊತ್ತಿತ್ತು. ರೋಹಿಣಿ ಮಳೆ ಬಿದ್ದು ನೆಲ ಹದವಾದಾಗ, ಕೌಲ ಎಂಬ ಚುರುಕು ಹೋರಿಯನ್ನು ಕರೆದುಕೊಂಡು ಗೂಳಿಯ ಬಳಿ ಹೋದ.

"ಈ ಹುಡುಗನನ್ನ ನಾಲ್ಕು ದಿನ ನನ್ನ ಪಕ್ಕ ಹೂಡಿ ಸ್ವಾಮಿ. ಹದ ಹೋದರೆ ಮತ್ತೆ ಸಿಗೋದಿಲ್ಲ."

"ಮಾಸನ ಜಾಗದಲ್ಲಿ ನಿನ್ನೆ ಮೊನ್ನೆ ಹುಟ್ಟಿದವನೇ? ಜೊತೆಗಾರ ನೀನೇ ಹೀಗಂದರೆ ಹೇಗೆ ಹಂಡಪ್ಪ?"

"ಅವನೇ ದಿನಾ ಆ ಜಾಗ ಬಿಟ್ಟುಕೊಡ್ತಿದ್ದನಲ್ಲ."

"ಅದು ಅವನ ದೊಡ್ಡತನ. ನಾವದನ್ನ ಕಾಪಾಡಬೇಕು" ಎಂದ ಗೂಳಿ, ಹೋರಿಗಳನ್ನೆಲ್ಲ ಸ್ಮಾರಕಕ್ಕೆ ಕಲ್ಲು ಹೊರಲು ಕಳಿಸಿತು. ಕೌಲನೂ ಹೋದ. ಹಂಡ ಬದುವಿನಲ್ಲಿ ಒಂಟಿಯಾಗಿ ನಿಂತು, ನೆಲ ಒಣಗಿ ಬಿರಿಯುವುದನ್ನು ನೋಡಿದ. ಆ ವರ್ಷ ಊರೆಲ್ಲ ಹಳೆಯ ಹುಲ್ಲು ಜಗಿಯಿತು.

ಮರುವರ್ಷದ ಮುಂಗಾರಿಗೆ ಸ್ಮಾರಕ ಸಿದ್ಧವಾಯಿತು. ಹೊಲದ ಅಂಚಿಗೊಂದು ಕಟ್ಟೆ, ಕಟ್ಟೆಯ ಮೇಲೆ ಕಲ್ಲಿನ ಮಾಸ, ಅವನ ಕೊರಳ ಮೇಲೆ ಮರದ ನೊಗ. ನೊಗದ ಇನ್ನೊಂದು ತುದಿ ಬೋಳಾಗಿ ಕಾಣುತ್ತದೆಂದು ಗೂಳಿಗೆ ಅನ್ನಿಸಿತು. ಹಂಡನನ್ನು ಹಾರ ಹಾಕಿ ಕರೆತಂದು ಅಲ್ಲಿ ಹೂಡಿದರು.

ಕೊರಳಿಗೆ ನೊಗ ತಾಗಿದ್ದೇ ತಡ, ಹಂಡನ ಮೈ ತನ್ನಷ್ಟಕ್ಕೇ ಮುಂದೆ ವಾಲಿತು. ಪಕ್ಕದ ಕಲ್ಲು ಮಿಸುಕಲಿಲ್ಲ. ಇನ್ನೊಮ್ಮೆ ಎಳೆದ. ಆಮೇಲೆ ಎಳೆಯುವುದನ್ನೇ ಬಿಟ್ಟ. ಸಂಜೆಯವರೆಗೂ ಭಾಷಣಗಳಾದವು, ಅವನು ನಿಂತೇ ಇದ್ದ. "ಹೋರಿಗಳೇ, ಕಣ್ತುಂಬ ನೋಡಿಕೊಳ್ಳಿ. ಉಳುವ ಜೋಡಿ ಅಂದರೆ ಇದು" ಎಂದಿತು ಗೂಳಿ. ಹೋರಿಗಳು ರೆಪ್ಪೆ ಬಡಿಯದೆ ನೋಡಿದವು.

ಮರುದಿನ ಬೆಳಗ್ಗೆ ಹಂಡ ಕುಂಟುತ್ತ ಹೊಲಕ್ಕೆ ಬಂದ. ನೆಲ ಹದವಾಗಿತ್ತು. ಹೋರಿಗಳು ತಾವಾಗಿಯೇ ಹೊಸ ನೊಗ ಹೊತ್ತು, ಹಿಂದೆ ನೇಗಿಲು ಕಟ್ಟಿಕೊಂಡು, ಜೋಡಿ ಜೋಡಿಯಾಗಿ ನಿಂತಿದ್ದವು. ಮುದುಕನ ಕಣ್ಣು ತುಂಬಿತು. ಎಷ್ಟೋ ದಿನದ ಮೇಲೆ ಅವನಿಗೆ ಸಂತೋಷವಾಗಿತ್ತು. ಇನ್ನು ಸತ್ತರೂ ಚಿಂತೆಯಿಲ್ಲ ಅಂದುಕೊಂಡು ಬದುವಿನ ಮೇಲೆ ನಿಂತು ಕಾದ. ಬಿಸಿಲೇರಿತು. ಒಂದು ಗೊರಸೂ ಕದಲಲಿಲ್ಲ.

"ಹೆಜ್ಜೆ ಎತ್ತಿಡೋ ಕೌಲ" ಎಂದ.

ಕೌಲ ಕತ್ತು ಹೊರಳಿಸಲಿಲ್ಲ. ಕಲಿತದ್ದು ಎಲ್ಲಿ ಕೆಟ್ಟೀತೋ ಎಂಬ ಎಚ್ಚರದಲ್ಲಿ, ತುಟಿ ಮಾತ್ರ ಆಡಿಸಿ ಹೇಳಿದ: "ಅದೇನಜ್ಜ, ನಿನ್ನೆ ನೀವು ಇಡಲೇ ಇಲ್ವಲ್ಲ."