ಅಕ್ಕ ಸುತ್ತಿದ ಸೊನ್ನೆಗಳು

ನನ್ನ ಅಕ್ಕನ ಅಡುಗೆಮನೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇತ್ತು. ಪ್ರತಿ ತಿಂಗಳ ಐದನೇ ತಾರೀಖಿಗೆ ಅಕ್ಕ ಕೆಂಪು ಪೆನ್ನಿನಲ್ಲಿ ಒಂದು ಸೊನ್ನೆ ಸುತ್ತುತ್ತಿದ್ದಳು. ಅದು ಮಗಳ ಮುಟ್ಟಿನ ದಿನ. ಮಗಳು ಮುಟ್ಟಾಗಲಿ ಬಿಡಲಿ, ಸೊನ್ನೆ ಮಾತ್ರ ತಪ್ಪುತ್ತಿರಲಿಲ್ಲ.

"ನಮ್ಮತ್ತೆ ದಿನಾ ನೋಡ್ತಾರೆ ಕಣೇ" ಎನ್ನುತ್ತಿದ್ದಳು ಅಕ್ಕ. " ತಪ್ಪಿದೆ ಅಂತ ಗೊತ್ತಾದ್ರೆ ನೆಂಟರಿಗೆಲ್ಲ ಟಾಂ ಟಾಂ ಮಾಡ್ತಾರೆ. ಆಮೇಲೆ ಇವಳನ್ನ ಯಾರು ಮದ್ವೆ ಆಗ್ತಾರೆ?"

ಹುಡುಗಿಗೆ ಇಪ್ಪತ್ತಮೂರು. ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಹೆಂಗಸರ ಹುಬ್ಬು ತಿದ್ದುತ್ತಿದ್ದಳು. ಅವರೆಲ್ಲ ಹೋದ ಮೇಲೆ ಅದೇ ಕನ್ನಡಿಯ ಮುಂದೆ ತನ್ನ ಗಲ್ಲದ ಕೂದಲು ಕೀಳುತ್ತಿದ್ದಳು. ಅರೆಹೊಟ್ಟೆ ತಿಂದರೂ ಮೈ ಇಳಿಯುತ್ತಿರಲಿಲ್ಲ. ಮನೆಯವರು ‘ಗುಂಡಮ್ಮ’ ಎಂದು ಕರೆದು ನಗುತ್ತಿದ್ದರು. ನಾನು ನರ್ಸು, ಇದೆಲ್ಲ ಕಣ್ಣಿಗೆ ರಾಚುತ್ತಿತ್ತು. ಡಾಕ್ಟರಿಗೆ ತೋರಿಸೋಣ ಎಂದಾಗಲೆಲ್ಲ ಅಕ್ಕನ ಅತ್ತೆ ಅಡ್ಡಬಾಯಿ ಹಾಕುತ್ತಿದ್ದರು.

"ಮದ್ವೆ ಆಗದ ಹುಡುಗೀನ ಹೆರಿಗೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರಾ? ಮದ್ವೆ ಆದ್ರೆ ಈ ಮೈ, ಕೂದಲು ಎಲ್ಲ ತಾನಾಗೇ ಸರಿಹೋಗುತ್ತೆ."

ಈ ಒಂದು ಮಾತು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ.

ಏಳು ತಿಂಗಳು ನಿಂತಿದ್ದ ಮುಟ್ಟು ಎಂಟನೇ ತಿಂಗಳು ಶುರುವಾಗಿ ಹದಿನೆಂಟು ದಿನವಾದರೂ ನಿಲ್ಲಲಿಲ್ಲ. ಹುಡುಗಿ ಪಾರ್ಲರಿನಲ್ಲೇ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹಿಂದಿನ ತಾರೀಖುಗಳನ್ನು ಕೇಳಿದರೆ, ಅಕ್ಕನ ಅತ್ತೆ ಚೀಲದಿಂದ ಕ್ಯಾಲೆಂಡರ್ ತೆಗೆದರು!

"ನೋಡಿ ಡಾಕ್ಟ್ರೇ, ಒಂದು ದಿನ ಹಿಂದಿಲ್ಲ, ಮುಂದಿಲ್ಲ."

ಅಕ್ಕ ತಲೆ ಎತ್ತಲಿಲ್ಲ. ಡಾಕ್ಟರಮ್ಮ ಬರೆದುಕೊಳ್ಳತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಬರ್ಕೋಬೇಡಿ ಮೇಡಂ. ಅದೆಲ್ಲ ಸುಳ್ಳು."

ರಕ್ತಪರೀಕ್ಷೆ, ಸ್ಕ್ಯಾನ್ ಆದ ಮೇಲೆ ಪಿಸಿಓಎಸ್ ಎಂದರು. "ಹಾರ್ಮೋನು ಏರುಪೇರಾಗಿದೆ. ಇದು ಯಾರ ತಪ್ಪೂ ಅಲ್ಲ. ಪೂರ್ತಿ ಹೋಗಲ್ಲ, ಆದ್ರೆ ಹತೋಟೀಲಿ ಇಟ್ಕೋಬಹುದು. ಮಾತ್ರೆ ತಗೋಬೇಕು, ದಿನಾ ನಡೀಬೇಕು, ಉಪವಾಸ ಬೀಳದೆ ಹೊತ್ತಿಗೆ ಸರಿಯಾಗಿ ಹಿತಮಿತವಾಗಿ ತಿನ್ನಬೇಕು. ಆಗಾಗ ಶುಗರ್ ನೋಡಿಸಿ. ಇನ್ನು ಹೀಗೆ ತಿಂಗಳುಗಟ್ಟಲೆ ಮುಟ್ಟು ನಿಂತ್ರೆ ಸುಮ್ಮನೆ ಕೂತ್ಕೋಬೇಡಿ."

"ಮಕ್ಕಳು?" ಅಕ್ಕ ಕೇಳಿದಳು.

"ಹೆಚ್ಚಿನವರಿಗೆ ಆಗುತ್ತೆ. ಕೆಲವರಿಗೆ ಚಿಕಿತ್ಸೆ ಬೇಕಾಗುತ್ತೆ."

ಅಕ್ಕನ ಕಿವಿಗೆ ಬಿದ್ದದ್ದು ‘ಕೆಲವರಿಗೆ’ ಎಂಬುದೊಂದೇ.

ಮುಂದಿನ ವಾರ ಗಂಡಿನ ಕಡೆಯವರು ಬರುವವರಿದ್ದರು. ಅಕ್ಕ ಮಾತ್ರೆಗಳನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟು, "ಬಾಯಿ ಬಿಟ್ಯೋ, ನಾನು ಮನುಷ್ಯಳಾಗಿರಲ್ಲ" ಎಂದು ಮಗಳನ್ನು ಹೆದರಿಸಿದಳು.

ಅವರು ಬಂದರು. ಗಂಡಿನ ತಾಯಿ ಲೋಕಾಭಿರಾಮವಾಗಿಯೇ ಕೇಳಿದರು, "ಹುಡುಗಿ ಆರೋಗ್ಯ ಎಲ್ಲ ಚೆನ್ನಾಗಿದೆ ತಾನೆ?"

"ಅಯ್ಯೋ, ಏನೂ ತೊಂದ್ರೆ ಇಲ್ಲ" ಎಂದಳು ಅಕ್ಕ.

"ಇದೆ" ಎಂದಳು ಹುಡುಗಿ. "ನಂಗೆ ಪಿಸಿಓಎಸ್ ಇದೆ. ಔಷಧಿ ತಗೋಬೇಕು. ಜೀವನಪೂರ್ತಿ ಕದ್ದು ತಗೊಳ್ಳೋಕೆ ನನ್ನಿಂದ ಆಗಲ್ಲ."

"ಮನೇಲಿ ಮಾತಾಡಿ ತಿಳಿಸ್ತೀವಿ" ಎಂದು ಅವರು ಎದ್ದರು. ಆ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ?

ಬಾಗಿಲು ಹಾಕಿದ್ದೇ ತಡ, ಅಕ್ಕ ಮಗಳ ಮೇಲೆ ಹರಿಹಾಯ್ದಳು. "ಮರ್ಯಾದೆ ಕಳೆದ್ಯಲ್ಲೇ! ಅವರು ಏನಂದ್ಕೊಂಡಿರ್ತಾರೆ?"

"ಅಜ್ಜಿ ಏನಂದ್ಕೋತಾರೆ, ನೆಂಟರು ಏನಂದ್ಕೋತಾರೆ, ಇವರು ಏನಂದ್ಕೋತಾರೆ!" ಎಂದಳು ಹುಡುಗಿ. "ಹದಿನೆಂಟು ದಿನ ರಕ್ತ ಹೋಯ್ತಲ್ಲಮ್ಮ, ‘ಹೇಗಿದೀಯ’ ಅಂತ ನನ್ನ ಒಂದ್ಸಲ ಯಾರಾದ್ರೂ ಕೇಳಿದ್ರಾ?"

ನಾನು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡೆ. ಇವಳ ಸಲುವಾಗಿ ಅಕ್ಕನ ಜೊತೆ, ಅಕ್ಕನ ಅತ್ತೆಯ ಜೊತೆ ನೂರು ಸಲ ಜಗಳವಾಡಿದ್ದೆ. ಇವಳನ್ನು ಮಾತ್ರ ನಾನೂ ಕೇಳಿರಲಿಲ್ಲ.